ಎಡಗೆನ್ನೆಯ ಟಾಫಿ

ಏಪ್ರಿಲ್ 12, ಶನಿವಾರ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಕಾಗುಣಿತ ಅಲ್ಲಲ್ಲಿ ತಪ್ಪುತ್ತದೆ. ಐದನೇ ತರಗತಿಗೆ ನನ್ನ ಓದು ನಿಂತಿತು. ಇದನ್ನು ಓದುವವರೂ ಇಲ್ಲ, ಕ್ಷಮಿಸುವವರೂ ಇಲ್ಲ. ಆದರೂ ಶಾಲೆಯಲ್ಲಿ ಮಿಸ್ಸು ನನ್ನ ಕಾಪಿ ಪುಸ್ತಕ ತೆರೆಯುವ ಮೊದಲೇ ನಾನು ತಲೆ ತಗ್ಗಿಸಿಬಿಡುತ್ತಿದ್ದೆ. ಆ ಅಭ್ಯಾಸ ಹೋಗಿಲ್ಲ.

ಈ ಡೈರಿ ಹಬೀಬ್ ಭಾಯ್ ಅಂಗಡಿಯದು. ಭಾಯ್ ನನ್ನ ಅಣ್ಣ. ಶಿವಾಜಿನಗರದಲ್ಲಿ ಸ್ಕೂಟರಿನ ಸೀಟಿಗೆ ಕವರ್ ಹೊಲಿದು ಹಾಕುತ್ತಾನೆ. ರೆಕ್ಸಿನ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದಂತೆ. "ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ತೀಯ, ಏನಾದ್ರೂ ಗೀಚು" ಎಂದು ನನ್ನ ಮಡಿಲಿಗೆ ಹಾಕಿ ಹೋದ. ನಮ್ಮ ಮನೆಯ ಮಾತು ದಖನಿ. ಅದನ್ನು ಬರೆಯಲು ನನಗೆ ಬಾರದು. ಅದಕ್ಕೆ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಅಮ್ಮಿಗೆ ಓದು ಬಾರದು. ಭಾಯ್‌ಗೆ ಬಸ್ಸಿನ ಬೋರ್ಡಿಗಿಂತ ಉದ್ದ ಓದುವ ತಾಳ್ಮೆ ಇಲ್ಲ. ಹಾಗಾಗಿ ಹೆದರಿಕೆ ಇಲ್ಲ.

ಗೋಡೆ ನೋಡುವುದಕ್ಕೆ ಕಾರಣ ಬರೆಯುತ್ತೇನೆ, ಒಂದೇ ಸಲ. ಜನವರಿಯಲ್ಲಿ ನನ್ನ ಮಗು ಎಂಟನೇ ತಿಂಗಳಿನಲ್ಲಿ ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಿಂದ ನೇರ ಅಮ್ಮಿಯ ಮನೆಗೆ ಬಂದೆ. ನಲವತ್ತು ದಿನ ಇದ್ದು ಹೋಗುವುದು ಎಂದಿತ್ತು. ನಲವತ್ತು ಕಳೆದು ಎಷ್ಟಾಯಿತೋ. ನನ್ನ ಗಂಡ ಮುದಸ್ಸಿರ್ ಕೆ.ಆರ್. ಪುರದಿಂದ ಫೋನ್ ಮಾಡುತ್ತಾರೆ. ನಾನು ಎತ್ತುವುದಿಲ್ಲ. ಕೋಪವಿಲ್ಲ. ಎತ್ತಿ ಏನು ಹೇಳಬೇಕೋ ಗೊತ್ತಿಲ್ಲ. ಮಗುವಿಗೆಂದು ಕೊಂಡಿದ್ದ ಮಲ್‌ಮಲ್ ಬಟ್ಟೆ ಹಾಗೇ ಟ್ರಂಕಿನಲ್ಲಿದೆ. ಯಾರಿಗಾದರೂ ಕೊಟ್ಟುಬಿಡೋಣ ಎಂದು ಅಮ್ಮಿ ಹೇಳುತ್ತಿರುತ್ತಾಳೆ. ನಾನು ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದೂ ಇಲ್ಲ.

ಅಳು ಬರುವುದಿಲ್ಲ. ಹಸಿವೂ ಹಾಗೆಯೇ.

ಏಪ್ರಿಲ್ 15, ಮಂಗಳವಾರ

ಇವತ್ತು ಮಿಸ್ಬಾಳನ್ನು ಶಾಲೆಗೆ ಸೇರಿಸಲು ಫ್ರೇಜರ್ ಟೌನಿಗೆ ಹೋಗಿದ್ದೆವು. ಮಿಸ್ಬಾ ನನ್ನ ಅಕ್ಕನ ಮಗಳು, ಆರು ವರ್ಷ. ಅಕ್ಕ ಉಮ್ಮೆ ಕುಲ್ಸುಂ, ನಾನು ಆಪಾ ಎನ್ನುತ್ತೇನೆ, ಕಳೆದ ಸೆಪ್ಟೆಂಬರಿನಿಂದ ಕುವೈತಿನಲ್ಲಿದ್ದಾಳೆ. ಅಲ್ಲಿ ಒಬ್ಬರ ಮನೆಯ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಭಾವ ಮೊದಲೇ ಬೇರೆ ಮನೆ ಮಾಡಿಕೊಂಡು ಹೋಗಿದ್ದಾನೆ. ಅವನ ಮಾತು ಬೇಡ. ಮನೆಯಲ್ಲಿ ಸುಮ್ಮನೆ ಕೂತವಳು ನಾನೊಬ್ಬಳೇ ಆದ್ದರಿಂದ ಮಿಸ್ಬಾ ನನ್ನ ಪಾಲಿಗೆ ಬಂದಳು. ನನ್ನನ್ನು ಖಾಲಾ ಎನ್ನುತ್ತಾಳೆ, ಚಿಕ್ಕಮ್ಮ ಎಂದು ಅರ್ಥ. ಅನ್ನುತ್ತಿದ್ದಳು ಎಂದು ಬರೆಯಬೇಕು. ಎರಡು ತಿಂಗಳಿಂದ ಅವಳ ಬಾಯಲ್ಲಿ ಮಾತು ಕಡಿಮೆ.

ಹೆಡ್ ಮಿಸ್ಸು ಇಂಗ್ಲಿಷಿನಲ್ಲಿ ಹೆಸರು ಕೇಳಿದರು. ಕನ್ನಡದಲ್ಲಿ ಕೇಳಿದರು. ಉರ್ದುವಿನಲ್ಲೂ ಕೇಳಿದರು. ಮಿಸ್ಬಾ ತುಟಿ ಬಿಗಿದುಕೊಂಡು, ಕೆನ್ನೆಗೆ ಕೈ ಕೊಟ್ಟುಕೊಂಡು ಮೇಜಿನ ಕಾಲು ನೋಡುತ್ತಿದ್ದಳು.

"ಮಾತು ಬರತ್ತಲ್ವಾ ಇವಳಿಗೆ?"

"ಬರತ್ತೆ ಮೇಡಂ! ಮನೇಲಿ ರೇಡಿಯೋ ಇದ್ದ ಹಾಗೆ" ಎಂದ ಭಾಯ್. ಸುಳ್ಳು.

ಹೆಡ್ ಮಿಸ್ಸು ನನ್ನ ಕಡೆ ನೋಡಿದರು. ನಾನೂ ಮೇಜಿನ ಕಾಲು ನೋಡಿದೆ.

ಅವರು ಒಂದು ಫಾರಂ ಕೊಟ್ಟರು. "ಸ್ಕೂಲ್ ಶುರುವಾಗೋಕೆ ಮುಂಚೆ ಕಣ್ಣು, ಕಿವಿ, ಹಲ್ಲು ಮೂರೂ ಡಾಕ್ಟ್ರಿಗೆ ತೋರಿಸಿ ಸೈನ್ ಮಾಡಿಸ್ಕೊಂಡು ಬನ್ನಿ. ಮೇ ಇಪ್ಪತ್ತಾರಕ್ಕೆ ಇನ್ನೊಂದ್ಸಲ ಮಾತಾಡಿಸ್ತೀನಿ. ಆಗ್ಲೂ ಹೀಗೇ ಇದ್ರೆ ಒಂದನೇ ಕ್ಲಾಸಿಗೆ ತಗೊಳ್ಳೋಕಾಗಲ್ಲ. ತಪ್ಪು ತಿಳ್ಕೋಬೇಡಿ, ಒಂದು ವರ್ಷ ಬಿಟ್ಟು ಬನ್ನಿ. ಇಲ್ಲಾ ಇಂಥ ಮಕ್ಕಳಿಗೇ ಅಂತ ಬೇರೆ ಸ್ಕೂಲಿದೆ."

ಈ ಶಾಲೆಯ ಫೀಸಿಗೆಂದೇ ಆಪಾ ಕುವೈತಿಗೆ ಹೋದದ್ದು. ಇದನ್ನು ಅವಳಿಗೆ ಯಾರು ಹೇಳುವುದು?

ದಾರಿಯಲ್ಲಿ ಭಾಯ್, "ನಮ್ಮನೇಲಿ ಬಾಯಿಗೆ ಬೀಗ ಹಾಕ್ಕೊಂಡೋರು ಒಬ್ಬರಲ್ಲ, ಇಬ್ಬರು. ಕೀಲಿ ಯಾವ ಮೋರೀಲಿ ಬಿದ್ದಿದೆಯೋ" ಎಂದ. ಆಮೇಲೆ ಅವನಿಗೇ ಬೇಜಾರಾಗಿ ಇಬ್ಬರಿಗೂ ಕಬ್ಬಿನಹಾಲು ಕೊಡಿಸಿದ. ಮಿಸ್ಬಾ ಒಂದು ಗುಟುಕು ಕುಡಿದು ಲೋಟ ನನ್ನ ಕೈಗಿಟ್ಟಳು. ನಾನೂ ಕುಡಿಯಲಿಲ್ಲ. ಎರಡೂ ಲೋಟ ಭಾಯೇ ಕುಡಿದ.

ಏಪ್ರಿಲ್ 18, ಶುಕ್ರವಾರ

ಶುಕ್ರವಾರ ಆಪಾಗೆ ಅರ್ಧ ದಿನ ಬಿಡುವು. ಜುಮ್ಮಾ ನಮಾಜು ಮುಗಿದ ಮೇಲೆ ವಿಡಿಯೋ ಕಾಲ್ ಮಾಡುತ್ತಾಳೆ.

"ನನ್ನ ರಾಣಿ, ನಗು ನೋಡೋಣ. ಹಲ್ಲು ತೋರ್ಸು."

ಮಿಸ್ಬಾ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಕಾರ್ಟನ್ ಬಂತಾ? ಟಾಫಿ ಇಷ್ಟ ಆಯ್ತಾ? ಹೂಂ ಅನ್ನು ಸಾಕು."

ಮಿಸ್ಬಾ ತಲೆ ಆಡಿಸಿದಳು. ಆಪಾ ಅತ್ತಳು. "ನನ್ನ ಮೇಲೆ ಮುನಿಸ್ಕೊಂಡಿದಾಳೆ ಅಂಬ್ರೀನ್. ಬಿಟ್ಟು ಬಂದೆ ಅಂತ. ಇನ್ನೊಂದು ವರ್ಷ ಆದ್ರೆ ನನ್ನ ಮರೆತೇ ಬಿಡ್ತಾಳೆ." ನಮ್ಮೆಲ್ಲರ ಲೆಕ್ಕವೂ ಅದೇ. ತಾಯಿಯ ಕೊರಗು, ಅದಕ್ಕೇ ಬಾಯಿ ಬಿಡುವುದಿಲ್ಲ, ಊಟ ಸೇರುವುದಿಲ್ಲ.

ಊರಿಗೆ ಬರುವವರ ಕೈಯಲ್ಲಿ ಆಪಾ ಕಾರ್ಟನ್ ಕಳಿಸುತ್ತಾಳೆ. ಹಾಲಿನ ಪುಡಿಯ ಡಬ್ಬ, ಸೋಪು, ಮತ್ತೆ ಟಾಫಿ, ಚಿನ್ನದ ಬಣ್ಣದ ಕಾಗದದವು. ಮಲಗುವಾಗ ಮಿಸ್ಬಾ ಅಳುವುದಕ್ಕೆ ಶುರು ಮಾಡಿದಾಗ ಒಂದು ಕೊಡುತ್ತೇನೆ. ಫೆಬ್ರವರಿಯಿಂದ ಹಾಗೆ. ಎಡಗೆನ್ನೆಯಲ್ಲಿ ಒತ್ತಿಟ್ಟುಕೊಂಡು, ಅದು ಕರಗುತ್ತಾ ಕರಗುತ್ತಾ ನಿದ್ದೆ ಹೋಗುತ್ತಾಳೆ. ಸದ್ದು ನಿಲ್ಲುತ್ತದೆ. ನನಗೆ ಅಷ್ಟು ಸಾಕು.

ಏಪ್ರಿಲ್ 19, ಶನಿವಾರ

ಏನೂ ಇಲ್ಲ. ಬಟ್ಟೆ ಒಗೆದೆ.

ಏಪ್ರಿಲ್ 22, ಮಂಗಳವಾರ

ಅಮ್ಮಿ ಮಿಸ್ಬಾಳಿಗೆ ದೃಷ್ಟಿ ತೆಗೆದಳು. ಏಳು ಒಣ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

"ನೋಡು, ಒಂಚೂರೂ ಘಾಟಿಲ್ಲ! ಎಂಥಾ ಕಣ್ಣು ಬಿದ್ದಿತ್ತು ನೋಡು ಮಗೂಗೆ."

ನನಗೆ ಗಂಟಲು ಕೆರೆದು ಕೆಮ್ಮು ಬರುತ್ತಿತ್ತು. ಹೊರಗೆ ಹೋಗಿ ಕೆಮ್ಮಿ ಬಂದೆ.

ಏಪ್ರಿಲ್ 25, ಶುಕ್ರವಾರ

ಕಣ್ಣು, ಕಿವಿ ತೋರಿಸಿದ್ದಾಯಿತು. ಭಾಯ್ ಕರೆದುಕೊಂಡು ಹೋಗಿದ್ದ. ಎರಡೂ ಚೆನ್ನಾಗಿವೆ. ಉಳಿದದ್ದು ಹಲ್ಲು.

ಅಮ್ಮಿ ನಕ್ಕಳು. "ಹಾಲುಹಲ್ಲಿಗೆ ಡಾಕ್ಟ್ರಾ? ನಾಳೆ ಬೀಳೋದಕ್ಕೆ ಇವತ್ತು ತೋರಿಸ್ಬೇಕಾ? ನಿಮ್ಮನ್ನೆಲ್ಲ ನಾನು ಬೆಳೆಸಲಿಲ್ವಾ?"

"ನಮ್ಮ ಗಿರಾಕಿ ಒಬ್ಬರು ಡಾಕ್ಟ್ರಿದಾರೆ, ಅವರ ಕಾಂಪೌಂಡರ್ ಗೊತ್ತು" ಎಂದ ಭಾಯ್. "ಫಾರಂ ಕೊಡು, ಸೀಲ್ ಹೊಡೆಸ್ಕೊಂಡು ಬಂದ್ಬಿಡ್ತೀನಿ. ಮಗೂನ ಯಾಕೆ ಬಿಸಿಲಲ್ಲಿ ಅಲೆಸೋದು."

ಆಗಲಿ ಎಂದೆ. ಫಾರಂ ಡೈರಿಯೊಳಗಿತ್ತು. ತೆಗೆದುಕೊಡಲು ಏಳುವುದಕ್ಕೆ ಆಗಲಿಲ್ಲ. ನಾಳೆ ಕೊಡುತ್ತೇನೆ.

ಏಪ್ರಿಲ್ 28, ಸೋಮವಾರ

ಫಾರಂ ಕೊಡಲಿಲ್ಲ. ಇವತ್ತು ಹಾಸಿಗೆ ಕೊಡವುವಾಗ ಮಿಸ್ಬಾಳ ದಿಂಬಿನ ಹೊದಿಕೆಯೊಳಗಿಂದ ಟಾಫಿಗಳು ಉದುರಿದವು. ಚಿನ್ನದ ಕಾಗದ ಬಿಚ್ಚಿಲ್ಲ. ಹನ್ನೊಂದಿದ್ದವು. ನಾನು ಕೊಟ್ಟಾಗ ಕೈ ಚಾಚಿ ತೆಗೆದುಕೊಂಡು, ಆ ಕಡೆ ತಿರುಗಿ ಮಲಗಿ, ದಿಂಬಿನೊಳಗೆ ತುರುಕಿದ್ದಾಳೆ. ಹನ್ನೊಂದು ದಿನದಿಂದ ಸಿಹಿ ಬಾಯಿಗೆ ಹಾಕಿಲ್ಲ. ಸದ್ದು ನಿಂತದ್ದು ಟಾಫಿಯಿಂದ ಅಲ್ಲ.

ನೆಲದ ಮೇಲೆ ಕೂತು ಅವಳನ್ನು ಎದುರಿಗೆ ಕೂರಿಸಿಕೊಂಡೆ.

"ಯಾಕೆ ತಿನ್ನಲಿಲ್ಲ?"

ಎಡಗೆನ್ನೆ ಮುಟ್ಟಿ ತೋರಿಸಿದಳು.

"ಏನಾಗತ್ತೆ ಅಲ್ಲಿ?"

ತುಂಬಾ ಹೊತ್ತು ಯೋಚನೆ ಮಾಡಿದಳು. ಆಮೇಲೆ ತುಟಿ ಅಗಲಿಸದೆಯೇ, "ಒಳಗಡೆಯಿಂದ ಯಾರೋ ಬಾಗಿಲು ಬಡೀತಾರೆ" ಎಂದಳು.

ಏಳನೇ ತಿಂಗಳಲ್ಲಿ ನಾನೂ ಮುದಸ್ಸಿರ್‌ಗೆ ಇದೇ ಮಾತು ಹೇಳಿದ್ದೆ. ನಗುನಗುತ್ತಾ ಹೇಳಿದ್ದೆ.

"ಮೊದಲೇ ಯಾಕೆ ಹೇಳಲಿಲ್ಲ ಮಿಸ್ಬಾ?"

"ಟಾಫಿ ಬೇಡ ಅಂದ್ರೆ ಮಮ್ಮಿ ಕಳ್ಸೋದು ನಿಲ್ಲಿಸ್ತಾಳೆ."

ಕೆನ್ನೆಗೆ ಕೈ ಇಟ್ಟು ನೋಡಿದೆ. ಬಿಸಿ ಇತ್ತು. ದಿನಾ ಇವಳಿಗೆ ಮುಖ ತೊಳೆಸುವುದು ಇದೇ ಕೈ.

ಏಪ್ರಿಲ್ 30, ಬುಧವಾರ

ಹಲಸೂರಿನಲ್ಲಿ ಮಕ್ಕಳ ಹಲ್ಲು ನೋಡುವ ಸುಕನ್ಯ ಎಂಬ ಡಾಕ್ಟರಿದ್ದಾರೆ. ಪಕ್ಕದ ಮನೆಯವರು ಹೇಳಿದ್ದು. ಅಮ್ಮಿಗೆ ಟೈಲರ್ ಹತ್ತಿರ ಹೋಗುತ್ತೇನೆ ಎಂದು ಹೇಳಿ ಮಿಸ್ಬಾಳ ಕೈ ಹಿಡಿದು ಬಸ್ ಹತ್ತಿದೆ. ಜನವರಿಯ ನಂತರ ಒಬ್ಬಳೇ ಹೊರಗೆ ಹೋದದ್ದು ಇದೇ ಮೊದಲು. ಬಿಸಿಲು ಬಹಳ ಇತ್ತು.

ಕ್ಲಿನಿಕ್ಕಿನಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿ ಹಂಸ ಎಂಬುವಳು. ಅವಳ ಮೇಜಿನ ಮುಂದೆ ನಿಂತೆ. ನನ್ನ ಹಿಂದೆ ಬಂದವರು ಹೆಸರು ಬರೆಸಿ ಕೂತರು. ಅವರ ಹಿಂದೆ ಬಂದವರೂ ಕೂತರು. ಕೊನೆಗೆ ಅವಳೇ, "ಮಗು ಅಮ್ಮ, ನೀವು ಯಾಕ್ರೀ ಕಂಬದ ಥರ ನಿಂತಿದೀರಾ? ಹೆಸರು ಹೇಳಿ" ಎಂದಳು. ನಾನು ಅಮ್ಮ ಅಲ್ಲ ಎನ್ನಬೇಕಿತ್ತು. ಮಿಸ್ಬಾಳ ಹೆಸರಷ್ಟೇ ಹೇಳಿದೆ.

ಡಾಕ್ಟರ್ ಬಾಯಿ ಬಿಡು ಎನ್ನಲೇ ಇಲ್ಲ. ಕಡ್ಡಿಗೆ ಸಿಕ್ಕಿಸಿದ ಪುಟ್ಟ ಕನ್ನಡಿಯನ್ನು ಮಿಸ್ಬಾಳ ಕೈಗೆ ಕೊಟ್ಟು, ತಾವೇ ಬಾಯಿ ತೆರೆದರು. "ಮೊದ್ಲು ನೀನು ನನ್ನ ಹಲ್ಲು ಎಣಿಸು. ಒಂದು ತಪ್ಪಿದ್ರೂ ಸೂಜಿ ನನಗೆ."

ಮಿಸ್ಬಾ ಎಣಿಸಿದಳು. ಹನ್ನೆರಡರ ಮುಂದೆ ಅವಳಿಗೆ ಬಾರದು. ಮತ್ತೆ ಒಂದರಿಂದ ಶುರು ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ ಕನ್ನಡಿ ತೋರಿಸಿದಳು. ನಾನೂ ಬಾಯಿ ತೆರೆಯಬೇಕಾಯಿತು. ಹೊರಗಿನವರ ಎದುರು ಅಷ್ಟು ದೊಡ್ಡದಾಗಿ ನಾನು ಯಾವತ್ತೂ ಬಾಯಿ ತೆರೆದಿಲ್ಲ. "ನಿಮ್ಮ ವಸಡೂ ಊದಿದೆ ಅಮ್ಮ. ನೀವು ಬ್ರಷ್ ಮಾಡ್ತೀರಾ ದಿನಾ?" ಎಂದರು ಡಾಕ್ಟರ್. ನೆನಪಾಗಲಿಲ್ಲ.

ಮೂರನೆಯ ಸರದಿ ಮಿಸ್ಬಾಳದ್ದು. ಬಾಯಿ ಬಿಟ್ಟಳು.

ಎಡಗಡೆ, ಕೆಳಗೆ, ಕೊನೆಯ ಹಲ್ಲು ಒಳಗೆಲ್ಲ ಟೊಳ್ಳು. ಬುಡದಲ್ಲಿ ಕೀವು. ಇನ್ನೂ ಮೂರಕ್ಕೆ ಹುಳುಕು ಹಿಡಿದಿದೆ.

"ರಾತ್ರಿ ಬಾಯಲ್ಲಿ ಸಿಹಿ ಇಟ್ಕೊಂಡು ಮಲಗ್ತಾಳಾ?"

ಮಲಗುತ್ತಿದ್ದಳು ಎಂದೆ.

"ಯಾರು ಕೊಡ್ತಿದ್ದಿದ್ದು?"

"ನಾನು."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಈಗ ಗೊತ್ತಾಯ್ತಲ್ಲ, ಬಿಡಿ" ಎಂದು ದೀಪ ಹತ್ತಿರ ಎಳೆದು, "ಇಲ್ಲಿ ನೋಡಿ" ಎಂದು ಕರೆದರು. ಕೆಟ್ಟ ಹಲ್ಲಿನ ಹಿಂದೆ, ವಸಡಿನಲ್ಲಿ, ಅಕ್ಕಿಕಾಳಿನಷ್ಟು ಬಿಳಿ ಕಾಣುತ್ತಿತ್ತು. "ಇದು ಹಾಲುಹಲ್ಲಲ್ಲ. ಯಾವುದೂ ಬೀಳದೇ ಸುಮ್ನೆ ಹಿಂದೆ ಬರತ್ತೆ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಸಾಯೋವರೆಗೂ ಇರ್ಬೇಕಾದ ಹಲ್ಲು ಇದು. ಪಕ್ಕದ್ದು ಕೊಳೀತಿದ್ರೆ ಇದಕ್ಕೂ ಹತ್ಕೊಳತ್ತೆ."

"ಅಮ್ಮಿ ಹೇಳ್ತಾರೆ, ಹಾಲುಹಲ್ಲು ತಾನಾಗೇ ಬೀಳತ್ತೆ ಅಂತ."

"ಎಲ್ಲರ ಅಮ್ಮಂದಿರೂ ಹಾಗೇ ಹೇಳೋದು. ಈ ಹಲ್ಲು ತಾನಾಗೇ ಬೀಳೋಕೆ ಇನ್ನೂ ನಾಲ್ಕೈದು ವರ್ಷ ಇದೆ ಕಣಮ್ಮ. ಅಲ್ಲೀವರೆಗೂ ಮಗು ನೋವಿಟ್ಕೊಂಡು ಉಣ್ಬೇಕಾ? ನೋವಿಟ್ಕೊಂಡು ಪಾಠ ಕೇಳ್ಬೇಕಾ? ಟೀಚರ್ ಏನಂತಾರೆ, ದಡ್ಡಿ ಅಂತಾರೆ, ಮಾತೇ ಬರಲ್ಲ ಅಂತಾರೆ. ಅದಕ್ಕೇ ಸ್ಕೂಲಿಗೆ ಹಾಕೋಕೆ ಮುಂಚೆ ಒಂದ್ಸಲ ಬಾಯಿ ತೋರಿಸಿ ಅಂತ ಬಡ್ಕೊಳ್ಳೋದು ನಾವು."

ಐದು ದಿನ ಔಷಧಿ. ಏಳನೇ ತಾರೀಕು ಕೀಳುತ್ತಾರೆ. ಮಿಕ್ಕ ಮೂರನ್ನು ತುಂಬುತ್ತಾರೆ. ಎಲ್ಲ ಮುಗಿದರೆ ಮಾತ್ರ ಫಾರಂಗೆ ಸಹಿ.

ಹೊರಡುವಾಗ, ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಯೇ ಎಂದು ಕೇಳಬೇಕು ಎಂದುಕೊಂಡೆ. ಬಾಗಿಲ ತನಕ ಹೋಗಿ ತಿರುಗಿ ಬಂದು ಕೇಳಿದೆ. ಹೋಗುವುದಿಲ್ಲವಂತೆ.

ಮೇ 1, ಗುರುವಾರ

ಮನೆಯಲ್ಲಿ ಜಗಳ. ಅಮ್ಮಿಗೆ ಔಷಧಿಯ ಬಾಟ್ಲಿ ಸಿಕ್ಕಿತು.

"ತಾಯಿ ಊರಲ್ಲಿಲ್ಲದ ಮಗು. ಹೆಚ್ಚುಕಮ್ಮಿ ಆದ್ರೆ ಕುಲ್ಸುಂಗೆ ನಾನೇನು ಮುಖ ತೋರಿಸ್ಲಿ? ಹಲ್ಲು ಕೀಳಿಸಿದ್ರೆ ಕಣ್ಣಿನ ನರ ಹೋಗತ್ತೆ!"

"ಹೋಗಲ್ಲವಂತೆ" ಎಂದೆ.

"ಯಾರು ಹೇಳಿದ್ದು?"

"ಕೇಳ್ದೆ."

ಅಮ್ಮಿ ನನ್ನನ್ನೇ ನೋಡಿದಳು. "ನೀನು? ನೀನು ಕೇಳ್ದ್ಯಾ?"

ಭಾಯ್ ಫಾರಂ ಎಲ್ಲಿ ಎಂದ. ನನಗೆ ಗೊತ್ತಿಲ್ಲ ಎಂದೆ. ಅದು ಈ ಪುಟದ ಹಿಂದೆಯೇ ಇದೆ.

ಮೇ 2, ಶುಕ್ರವಾರ

ಆಪಾ ಫೋನ್ ಬಂತು. ಮಿಸ್ಬಾ ಬಾಯಿ ಮುಚ್ಚಿಕೊಂಡಳು, ಆಪಾ ಅತ್ತಳು. ನಾನು ಫೋನ್ ತೆಗೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತೆ. ಸಿಟ್ಟಲ್ಲ ಆಪಾ, ಹಲ್ಲು ಎಂದೆ. ಎಲ್ಲ ಹೇಳಿದೆ. ಇನ್ನು ಟಾಫಿ ಕಳಿಸಬೇಡ ಎಂದೂ ಹೇಳಿದೆ.

ಆಪಾ ಮೂಗು ಒರೆಸಿಕೊಂಡಳು.

"ಇಷ್ಟು ದೂರದಿಂದ ನಾನು ಕೊಡೋಕಾಗೋದು ಅದೊಂದೇ ಅಂಬ್ರೀನ್. ಅದನ್ನೂ ಬೇಡ ಅಂತೀಯಾ? ನಿನಗೊಂದು ಮಗು ಇದ್ದಿದ್ರೆ ಗೊತ್ತಾಗ್ತಿತ್ತು."

ಫೋನ್ ಕಟ್ಟಾಯಿತು.

ಒಳಗೆ ಬಂದು ಅಕ್ಕಿ ತೊಳೆದೆ. ಮೂರು ಸಲ ತೊಳೆದೆ. "ಸಾಕು, ಇನ್ನು ಏನು ಹೋಗ್ಬೇಕು ಅದರಲ್ಲಿ" ಎಂದು ಅಮ್ಮಿ ಪಾತ್ರೆ ಕಿತ್ತುಕೊಂಡಳು.

ಮೇ 3, ಶನಿವಾರ

ಔಷಧಿ ಬೆಳಿಗ್ಗೆ, ಮಧ್ಯಾಹ್ನ, ಮಲಗುವಾಗ. ಕೊಟ್ಟೆ.

ಮೇ 4, ಭಾನುವಾರ

ಆಪಾ ಮಾತು ರೆಕಾರ್ಡ್ ಮಾಡಿ ಕಳಿಸಿದ್ದಾಳೆ. ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟಿದ್ದಾಳೆ, ಹಿಂದೆ ನಲ್ಲಿ ನೀರು ಬೀಳುತ್ತಿದೆ. ನಾಲ್ಕು ಸಲ ಕೇಳಿದೆ. ಇಲ್ಲಿ ಬರೆದಿಡುತ್ತೇನೆ.

"ಅಂಬ್ರೀನ್, ಕೀಳ್ಸು. ನನ್ನ ಜಾಗದಲ್ಲಿ ನೀನೇ ಸಹಿ ಮಾಡು. ಅಮ್ಮಿಗೆ ನಾನು ಹೇಳ್ತೀನಿ. ನಿನಗೊಂದು ವಿಷಯ ಗೊತ್ತಾ? ಈ ಮನೆ ಮಕ್ಕಳಿಗೆ ಆರು ತಿಂಗಳಿಗೊಂದ್ಸಲ ಹಲ್ಲು ತೋರಿಸ್ತಾರೆ. ನಾನೇ ಕರ್ಕೊಂಡು ಹೋಗೋದು. ಒಳಗೆ ಅವರ ಬಾಯಿ ನೋಡ್ತಿರ್ತಾರೆ, ಹೊರಗೆ ನಾನು ಅವರ ಶೂ, ಚೀಲ ಹಿಡ್ಕೊಂಡು ಕೂತಿರ್ತೀನಿ. ಒಂದ್ಸಲಾನೂ ನನ್ನ ಮಗಳ ಬಾಯಿ ನೆನಪಾಗಲಿಲ್ಲ ನೋಡು. ಮೊನ್ನೆ ನಾನು ಅಂದಿದ್ದು…"

ಅಲ್ಲಿಗೆ ಪಾತ್ರೆ ಬಿದ್ದ ಸದ್ದು. ಮುಗಿಯಿತು.

ಮೇ 6, ಮಂಗಳವಾರ

ಅಮ್ಮಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಭಾಯ್‌ಗೆ ನಾಳೆ ಅಂಗಡಿ ಬಿಡಲು ಆಗುವುದಿಲ್ಲ. ಸಂಜೆ ಮುದಸ್ಸಿರ್ ಫೋನ್ ಬಂತು. ಎತ್ತಿದೆ.

"ನಾಳೆ ಮಿಸ್ಬಾಳನ್ನ ಹಲಸೂರಿಗೆ ಕರ್ಕೊಂಡು ಹೋಗ್ಬೇಕು. ಹಲ್ಲು ಕೀಳ್ತಾರೆ. ಸ್ಕೂಟರ್ ತರ್ತೀರಾ?"

 

"ಎಷ್ಟು ಗಂಟೆಗೆ?" ಎಂದರು.

ಮೇ 7, ಬುಧವಾರ

ಮುದಸ್ಸಿರ್ ಒಂದು ಗಂಟೆ ಮುಂಚೆಯೇ ಬಂದು ಬೀದಿಯ ತುದಿಯಲ್ಲಿ ನಿಂತಿದ್ದರು. ಮನೆಯೊಳಗೆ ಬರಲಿಲ್ಲ. ಸೊರಗಿದ್ದಾರೆ. ಶರ್ಟಿನ ಒಂದು ಗುಂಡಿ ಬೇರೆ ಬಣ್ಣದ್ದು. ಯಾರು ಹಾಕಿಕೊಟ್ಟರೋ.

ಕ್ಲಿನಿಕ್ಕಿನಲ್ಲಿ ಒಪ್ಪಿಗೆಯ ಕಾಗದ ಕೊಟ್ಟರು. ಕನ್ನಡದಲ್ಲಿ ಸಹಿ ಮಾಡಿದೆ. ಮಗುವಿಗೆ ಏನಾಗಬೇಕು ಎಂಬ ಕಡೆ ಖಾಲಾ ಎಂದು ಬರೆದೆ.

"ಇದೇನ್ರೀ?" ಎಂದಳು ಹಂಸ.

"ಚಿಕ್ಕಮ್ಮ. ಇವಳ ಅಮ್ಮ ಕುವೈತಲ್ಲಿದಾಳೆ. ಅವಳ ಜಾಗದಲ್ಲಿ ನಾನು."

"ಅಯ್ಯೋ, ನಾನು ಅಮ್ಮ ಅನ್ಕೊಂಡ್ನಲ್ಲ."

ಮಿಸ್ಬಾ ನನ್ನ ಮಡಿಲಲ್ಲೇ ಕೂತಳು. ನನ್ನ ಹೆಬ್ಬೆರಳು ಹಿಡಿದುಕೊಂಡಿದ್ದಳು. ಡಾಕ್ಟರ್ ಸೂಜಿಯನ್ನು ಕೈಯಡಿ ಮುಚ್ಚಿಕೊಂಡು, "ಈಗ ನಿನ್ನ ತುಟಿ ಮಲ್ಕೊಳತ್ತೆ, ಗೊರಕೆ ಹೊಡೆಯತ್ತಾ ನೋಡೋಣ" ಎಂದರು. ಹಿಡಿತ ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ಹಲ್ಲು ಬಂತು. ಬರುವಾಗ ಸದ್ದಾಯಿತು. ಅದನ್ನು ತೊಳೆದು ಹತ್ತಿಯಲ್ಲಿ ಸುತ್ತಿ ಅವಳ ಕೈಗೇ ಕೊಟ್ಟರು.

ಆ ಜಾಗಕ್ಕೆ ಮುಂದಿನ ವಾರ ಒಂದು ತಂತಿಯ ಬಳೆ ಕೂರಿಸುತ್ತಾರಂತೆ. ಹಾಗೇ ಬಿಟ್ಟರೆ ಅಕ್ಕಪಕ್ಕದ ಹಲ್ಲುಗಳು ವಾಲಿಕೊಂಡು ಬಂದು ಜಾಗ ಮುಚ್ಚಿಬಿಡುತ್ತವೆ, ಆಮೇಲೆ ಬರಬೇಕಾದ ಹಲ್ಲಿಗೆ ದಾರಿ ಇರುವುದಿಲ್ಲ. "ಖಾಲಿ ಜಾಗಾನ ಹಿಡಿದಿಟ್ಕೋಬೇಕು" ಎಂದರು.

"ಇನ್ನು ಎರಡು ಮೂರು ಗಂಟೆ ತುಟಿ ಮರಗಟ್ಟಿರತ್ತೆ. ಮಕ್ಕಳು ಸುಮ್ನೆ ಕಚ್ಕೊಳ್ತಾ ಇರ್ತಾರೆ, ರಕ್ತ ಬಂದ್ರೂ ಅವಕ್ಕೆ ಗೊತ್ತಾಗಲ್ಲ. ಕಣ್ಣಿಟ್ಟಿರಿ."

"ಆಮೇಲೆ ನೋಯತ್ತಾ?"

"ನೋಯತ್ತೆ ಸ್ವಲ್ಪ. ನೋವು ಬಂತು ಅಂದ್ರೆ ಜೋಮು ಬಿಡ್ತು ಅಂತ. ಒಳ್ಳೇದೇ ಅದು."

ಬಿಸಿಲು ಇಳಿಯಲಿ ಎಂದು ಕೆರೆಯ ಹತ್ತಿರ ಒಂದು ಮರದ ಕೆಳಗೆ ಸ್ಕೂಟರ್ ನಿಲ್ಲಿಸಿದೆವು. ಮುದಸ್ಸಿರ್ ಕಪ್ಪಿನಲ್ಲಿ ಐಸ್‌ಕ್ರೀಮ್ ತಂದರು. ಅದು ಮಿಸ್ಬಾಳ ಗದ್ದದ ಮೇಲೆಲ್ಲ ಇಳಿಯಿತು, ಅವಳಿಗೆ ಗೊತ್ತೇ ಆಗಲಿಲ್ಲ. ಆಗಾಗ ಕೆಳತುಟಿ ಹಲ್ಲಿನಡಿ ಹೋಗುತ್ತಿತ್ತು. ಪ್ರತಿ ಸಲವೂ ಬೆರಳಿನಿಂದ ಬಿಡಿಸಿದೆ. ಎರಡು ಗಂಟೆ ಅವಳ ತುಟಿಯನ್ನೇ ನೋಡಿದೆ. ಬಲಗಡೆ ಒಂದು ಸಣ್ಣ ಮಚ್ಚೆ ಇದೆ ಎಂದು ಇವತ್ತು ಗೊತ್ತಾಯಿತು.

ಮೂರೂವರೆಗೆ ಮಿಸ್ಬಾ, "ಖಾಲಾ, ನೋಯ್ತಿದೆ" ಎಂದಳು. ಬಾಯಿ ಅಗಲಿಸಿ ಜೋರಾಗಿ ಅತ್ತಳು. ಅಷ್ಟು ಜೋರಾಗಿ ಅವಳು ಅತ್ತು ತಿಂಗಳುಗಳಾಗಿತ್ತು.

ನಾನೂ ಅತ್ತೆ. ಯಾಕೆ ಎಂದು ಗೊತ್ತಿಲ್ಲ. ಮಗುವಿನ ಹಲ್ಲು ನೋಡಿ ಇರಬೇಕು. ನಿಲ್ಲಿಸಲು ಆಗಲಿಲ್ಲ. ಜನ ನೋಡುತ್ತಿದ್ದರು.

"ಹಲ್ಲು ಕಿತ್ತಿದ್ದು ಒಬ್ಬಳದ್ದೇ ಅಲ್ವಾ, ಇಬ್ಬರೂ ಯಾಕೆ ಅಳ್ತೀರಾ?" ಎಂದರು ಮುದಸ್ಸಿರ್. ಹಾಗೆಂದು ಸ್ಕೂಟರಿನ ಆ ಕಡೆ ಹೋಗಿ, ನಮಗೆ ಬೆನ್ನು ಹಾಕಿ ಕನ್ನಡಿ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಅದರಲ್ಲಿ ಧೂಳಿರಲಿಲ್ಲ.

ರಾತ್ರಿ ಎರಡು ರೊಟ್ಟಿ ತಿಂದೆ.

ಮೇ 9, ಶುಕ್ರವಾರ

"ನನ್ನ ರಾಣಿ, ತುಂಬಾ ನೋವಾಯ್ತಾ?" ಎಂದಳು ಆಪಾ.

ಮಿಸ್ಬಾ ಫೋನನ್ನು ಎರಡು ಕೈಯಲ್ಲಿ ಹಿಡಿದು ಬಾಯಿ ತೆರೆದು ಅದರೊಳಗೇ ಇಟ್ಟಳು. ಆ ಕಡೆ ಆಪಾಗೆ ಕತ್ತಲೆ ಬಿಟ್ಟು ಬೇರೇನೂ ಕಂಡಿರಲಾರದು. "ಏಯ್, ನನ್ನ ನುಂಗ್ತೀಯಾ? ದೂರ ಹಿಡಿಯೇ!" ಎಂದು ಆಪಾ ನಕ್ಕಳು. ಮಿಸ್ಬಾ ದೂರ ಹಿಡಿದಳು. ಹಲ್ಲಿಲ್ಲದ ಜಾಗ, ಇರುವ ಹಲ್ಲು, ನಾಲಿಗೆ, ಕಿರುನಾಲಿಗೆ, ಎಲ್ಲ ತೋರಿಸಿದಳು. ಆಪಾ ಇನ್ನೊಂದು ಸಲ, ಇನ್ನೊಂದು ಸಲ ಎನ್ನುತ್ತಿದ್ದಳು.

ಕಿತ್ತ ಹಲ್ಲು ಬೆಂಕಿಪೊಟ್ಟಣದಲ್ಲಿದೆ. ಮಾಡಿನ ಮೇಲೆ ಎಸೆಯಬೇಕು, ಇಟ್ಟುಕೊಳ್ಳಬಾರದು ಎಂದು ಅಮ್ಮಿ ಹಟ ಹಿಡಿದಿದ್ದಳು. ಎರಡು ದಿನದಿಂದ ನನ್ನ ಜೊತೆ ಮಾತಾಡಲು ಅವಳಿಗೆ ಸಿಕ್ಕಿದ ನೆಪ ಅದೇ.

"ನೀನು ಬಂದ್ಮೇಲೆ ಎಸೆಯೋಣ ಮಮ್ಮಿ. ನೀನು ಎತ್ಕೊಂಡ್ರೆ ನನಗೆ ಮಾಡು ಎಟುಕತ್ತೆ."

ಆಪಾ ಹೂಂ ಎಂದಳು. ನನ್ನ ಮುಖ ಕಂಡಾಗ ಏನೋ ಹೇಳಲು ಬಂದು ನಿಲ್ಲಿಸಿದಳು. ಊಟ ಆಯ್ತಾ ಆಪಾ ಎಂದು ಕೇಳಿದೆ.

ಮೇ 20, ಮಂಗಳವಾರ

ಮೂರು ಹಲ್ಲು ತುಂಬಿದ್ದು ಮುಗಿಯಿತು. ತಂತಿಯ ಬಳೆ ಕೂತಿದೆ. ಫಾರಂಗೆ ಡಾಕ್ಟರ್ ಸಹಿ ಬಿತ್ತು. ಆರು ತಿಂಗಳು ಬಿಟ್ಟು ಮತ್ತೆ ಬರಬೇಕು.

ಮಿಸ್ಬಾ ಬೆಳಗಿನಿಂದ ಮಾತಾಡುತ್ತಲೇ ಇದ್ದಾಳೆ. "ಆ ಹಲ್ಲು ಬೆಂಕಿಪೊಟ್ಟಣದಲ್ಲೇ ಇದೆ ತಾನೆ? ವಾಪಸ್ ಕೂರಿಸೋಕಾಗತ್ತಾ ಕೇಳು" ಎನ್ನುತ್ತಾನೆ ಭಾಯ್. ಅಮ್ಮಿ ಅಂಗಡಿಗೆ ಹೋಗಿ ಪುಟ್ಟ ಬ್ರಷ್ ತಂದಳು. ಡಾಕ್ಟರು ಒಂದು ಕೊಟ್ಟಿದ್ದಾರಲ್ಲ ಎಂದೆ. "ಇದು ನಾನು ಕೊಟ್ಟಿದ್ದು" ಎಂದಳು. ಪಕ್ಕದ ಮನೆಯವರಿಗೆ ಹಾಲುಹಲ್ಲಿನ ಹಿಂದೆ ಬರುವ ಹಲ್ಲಿನ ವಿಷಯ ಕೈ ತಿರುಗಿಸಿ ವಿವರಿಸುತ್ತಿದ್ದಳು. ಅವಳೇ ಕಂಡುಹಿಡಿದ ಹಾಗೆ.

ಮೇ 26, ಸೋಮವಾರ

ನಿನ್ನೆ ರಾತ್ರಿ ಯಾರಿಗೂ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಭಾಯ್ ಅಂಗಡಿಗೆ ಬೀಗ ಹಾಕಿ ಬಂದಿದ್ದ.

ಹೆಡ್ ಮಿಸ್ಸು ಹೆಸರು ಕೇಳಿದರು. ಮಿಸ್ಬಾ ಸುಮ್ಮನಿದ್ದಳು. ತುಟಿ ಬಿಗಿಯಿತು. ಭಾಯ್ ರೇಡಿಯೋ ಎಂದು ಶುರು ಮಾಡುವ ಮೊದಲೇ ನಾನು, "ಮೇಡಂ, ಅವಳಿಗೆ ಕೆಟ್ಟ ಹಲ್ಲಿತ್ತು. ಅದಕ್ಕೇ ಆವತ್ತು ಬಾಯಿ ಬಿಡಲಿಲ್ಲ. ಈಗ ಕೀಳಿಸಿದೀವಿ. ಒಂದು ನಿಮಿಷ ಟೈಮ್ ಕೊಡಿ" ಎಂದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಆಮೇಲೆ ಕಿವಿ ಬಿಸಿಯಾಯಿತು.

ಹೆಡ್ ಮಿಸ್ಸು ಕುರ್ಚಿಗೆ ಒರಗಿ ಕಾದರು.

"ಮಿಸ್ಬಾ ಫಾತಿಮಾ" ಎಂದಳು ಅವಳು. ಸ್ವಲ್ಪ ತಡೆದು, "ನಿಮಗೆ ಎಷ್ಟು ಹಲ್ಲಿದೆ?"

"ನನಗಾ? ಗೊತ್ತಿಲ್ವಲ್ಲ."

"ಬಾಯಿ ಬಿಡಿ, ಎಣಿಸ್ತೀನಿ."

ಭಾಯ್ ಚಾವಣಿ ನೋಡಿದ. ಹೆಡ್ ಮಿಸ್ಸು ನಕ್ಕರು. ನಗುವಾಗ ಬಾಯಿ ತೆರೆದದ್ದರಿಂದ ಮಿಸ್ಬಾ ಮೇಜಿನ ಮೇಲೆ ಬಾಗಿ ಎಣಿಸಿಯೇ ಬಿಟ್ಟಳು, ಹನ್ನೆರಡರವರೆಗೆ. ಫಾರಂ ನೋಡಿ ಸೀಟು ಕೊಟ್ಟರು. ಬೇಕಾದ ಸಾಮಾನಿನ ಪಟ್ಟಿಯನ್ನೂ ಕೊಟ್ಟರು. ಎರಡು ಜೊತೆ ಯೂನಿಫಾರಂ, ಕಪ್ಪು ಶೂ, ನೀರಿನ ಬಾಟಲಿ, ಎದೆಗೆ ಪಿನ್ ಮಾಡಿದ ಕರ್ಚೀಫು.

ಜೂನ್ 2, ಸೋಮವಾರ

ಮಿಸ್ಬಾ ಶಾಲೆಗೆ ಹೋಗಿದ್ದಾಳೆ. ಮನೆಯಲ್ಲಿ ಸದ್ದಿಲ್ಲ. ಈ ಸದ್ದಿಲ್ಲದಿರುವುದು ನನಗೆ ಸೇರುತ್ತಿಲ್ಲ. ಮೂರು ಗಂಟೆಗೆ ಕರೆದುಕೊಂಡು ಬರಬೇಕು, ಈಗ ಇನ್ನೂ ಹತ್ತೂವರೆ.

ಬಕ್ರೀದ್ ಆದ ಮೇಲೆ ಮನೆಗೆ ಬರುತ್ತೀಯಾ ಎಂದು ಮುದಸ್ಸಿರ್ ನಿನ್ನೆ ಕೇಳಿದರು. ಮಿಸ್ಬಾಳನ್ನು ಶನಿವಾರ ಭಾನುವಾರ ಅಲ್ಲಿಗೆ ಕರೆತರಬಹುದಾ ಎಂದು ನಾನು ಕೇಳಿದೆ. ಅವರ ಶರ್ಟಿನ ಗುಂಡಿ ನೆನಪಾಯಿತು.

ಯೂನಿಫಾರಂ, ಶೂ, ಬಾಟಲಿ ಎಲ್ಲ ತಂದಿದ್ದೆವು. ಕರ್ಚೀಫು ಮರೆತುಹೋಗಿತ್ತು. ಇವತ್ತು ಬೆಳಿಗ್ಗೆ ಮಿಸ್ಬಾ ಹಲ್ಲುಜ್ಜುತ್ತಿರುವಾಗ ಟ್ರಂಕ್ ತೆಗೆದೆ. ಮಲ್‌ಮಲ್ ಬಟ್ಟೆಯನ್ನು ಒಂದು ಗೇಣು ಅಳೆದು ಕತ್ತರಿಸಿದೆ. ನಾಲ್ಕು ಅಂಚು ಮಡಿಚಿ ಹೊಲಿದೆ. ಅವಳ ಬಾಯಿ ಒರೆಸಿ, ಅದನ್ನು ಎದೆಗೆ ಪಿನ್ ಮಾಡಿ ಕಳಿಸಿದೆ.